ಇಂಗ್ಲಿಷಿನಲ್ಲಿ ಬೈದರೆ ಬೈದಂತಲ್ಲವಂತೆ

ಹಿಂದೂಪುರಕ್ಕೆ ಮದುವೆಯಾಗಿ ಹೋದ ನನ್ನ ತಂಗಿ ಹೊಸದರಲ್ಲಿ ಫೋನ್ ಮಾಡಿ ಇಂಗ್ಲಿಷ್ ಪದಗಳ ಅರ್ಥ ಕೇಳುತ್ತಿದ್ದಳು. "ಅಕ್ಕಾ, ಪೆಥೆಟಿಕ್ ಅಂದ್ರೆ ಏನೇ?" ಅಂತ ಒಂದು ಸಲ. "ರಿಪಲ್ಸಿವ್ ಅಂದ್ರೆ?" ಅಂತ ಇನ್ನೊಂದು ಸಲ. ಕಲ್ಯಾಣದುರ್ಗದ ಒಂದು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು ನಾನು. ಹೇಟ್, ಡಿಟೆಸ್ಟ್, ಲೋದ್ ಎಂದು ದ್ವೇಷದ ಪದಗಳನ್ನು ಬೋರ್ಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ನನ್ನ ಹೊಟ್ಟೆಪಾಡು. ತಂಗಿ ಕೇಳುತ್ತಿದ್ದವೆಲ್ಲ ಅದೇ ಮೆಟ್ಟಿಲಿನ ಪದಗಳು. "ಇವನ್ನೆಲ್ಲ ನಿಂಗೆ ಯಾರೇ ಅಂತಾರೆ?" ಎಂದೆ. ಕುಕ್ಕರ್ ಕೂಗ್ತಾ ಅದೆ ಎಂದು ಫೋನ್ ಇಟ್ಟುಬಿಟ್ಟಳು.

ಅನ್ನುತ್ತಿದ್ದವನು ಅವಳ ಗಂಡ. ಊರಾಚೆಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಅವನಿಗೆ ಕೆಲಸ. ತಾಯಿಯ ಜೊತೆ ಕನ್ನಡ, ಬೀದಿಯಲ್ಲಿ ತೆಲುಗು, ಹೆಂಡತಿಗೆ ಬೈಯುವುದಕ್ಕೆ ಮಾತ್ರ ಇಂಗ್ಲಿಷ್. ಅವಳು ತಲೆಗೆ ಹಚ್ಚುವ ಎಣ್ಣೆ ಅವನಿಗೆ ಆಗದು, ಮುದ್ದೆ ನುಂಗುವ ರೀತಿ ಆಗದು. ಊಟಕ್ಕೆ ಕೂತಾಗ, ಮೊಸರು ಹಾಕು ಅನ್ನುವಷ್ಟೇ ಮೆತ್ತಗೆ, "ಯು ಡಿಸ್ಗಸ್ಟ್ ಮಿ" ಅನ್ನುತ್ತಿದ್ದ. ಪಕ್ಕದಲ್ಲೇ ಉಣ್ಣುತ್ತಿದ್ದ ಅವನ ತಾಯಿಗೆ ಮಗ ಬೈಯುತ್ತಿದ್ದಾನೆ ಅಂತಲೂ ಗೊತ್ತಾಗುತ್ತಿರಲಿಲ್ಲ. ಎಂಥ ಕಳ್ಳ ಬುದ್ಧಿ ನೋಡಿ.

ಒಂದು ದಿನ ನೆಂಟರ ಮುಂದೆಯೇ ಹಾಗಂದು ತಟ್ಟೆ ತಳ್ಳಿದ. ನನ್ನ ತಂಗಿ, ಯಾರಿಗೂ ಎದುರಾಡದವಳು, ಸೌಟು ಕೆಳಗಿಟ್ಟು, "ಥೂ, ನಿನ್ ಮುಖಕ್ಕೆ" ಎಂದಳು. ಅಷ್ಟೇ. ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಅತ್ತರು, ಗಂಡ ಅವಳನ್ನು ತಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋದ. ಅವಳ ಮುಖ ಇಷ್ಟೇ ಇಷ್ಟಾಗಿತ್ತು. "ಅಕ್ಕಾ, ನಾನಿನ್ನು ಅಲ್ಲಿಗೆ ಹೋಗಾಕಿಲ್ಲ. ಕಳಿಸ್ಬೇಡ" ಎಂದಳು.

ನಮ್ಮ ಕಡೆ ಇಂಥದಕ್ಕೆ ಮನೆಯಲ್ಲೇ ಪಂಚಾಯಿತಿ ಸೇರಿಸುತ್ತಾರೆ. ಎರಡೂ ಕಡೆಯವರು ಚಾಪೆಯ ಮೇಲೆ ಎದುರೆದುರು ಕೂರುತ್ತಾರೆ. ಯಾರು ಏನು ಬೈದರು ಎಂದು ಬಾಯಿಬಿಡಿಸುತ್ತಾರೆ. ಬೈದವರು ಎಲ್ಲರ ಮುಂದೆ ತಪ್ಪಾಯಿತು ಅನ್ನಬೇಕು. ಆಮೇಲೆ ಹಿರಿಯರು ತಟ್ಟೆಯಿಂದ ಎಲೆ ಅಡಿಕೆ ಎತ್ತಿಕೊಂಡರೆ ಮಾತು ಮುಗಿದಂತೆ, ಮತ್ತೆ ಯಾರೂ ತೆಗೆಯುವಂತಿಲ್ಲ. ಈ ಮದುವೆ ಕುದುರಿಸಿದ್ದ, ಬ್ರಹ್ಮಸಮುದ್ರದ ನಮ್ಮ ದೊಡ್ಡಪ್ಪನೇ ಅವತ್ತು ಹಿರಿಯರು.

"ಏನಮ್ಮ, ಕಟ್ಕೊಂಡ ಗಂಡನ ಮುಖಕ್ಕೆ ಥೂ ಅಂದ್ಬುಟ್ಯಂತೆ?"

"ಅಂದೆ ದೊಡ್ಡಪ್ಪ." ಯಾಕೆಂದು ಕೇಳಿದಾಗ ಆ ಪದಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಅವಳ ಗಂಡ ನಗುತ್ತಾ, "ಮಾವ, ಅವು ಬೈಗುಳ ಅಲ್ಲ. ಆಫೀಸ್ನಾಗೆ ಎಲ್ಲಾರೂ ಹಂಗೇ ಮಾತಾಡ್ತೀವಿ. ಹಿಡಿಸ್ಲಿಲ್ಲ ಅನ್ನಾಕೆ ಹಂಗಂತಾರೆ, ಅಷ್ಟೇ" ಎಂದ.

ನನಗೆ ತಡೆಯಲಾಗಲಿಲ್ಲ. "ಸುಳ್ಳು ದೊಡ್ಡಪ್ಪ. ನಿನ್ನ ಕಂಡ್ರೆ ಹೇಸಿಗೆ, ವಾಂತಿ ಬತ್ತದೆ ಅಂತ ಅದ್ರ ಅರ್ಥ. ನಾನು ದಿನಾ ಪಾಠ ಮಾಡೋದೇ ಅದು."

"ನೀನು ಸುಮ್ಕಿರಮ್ಮ. ಒಡಹುಟ್ಟಿದೋಳು, ಹಂಗೇ ಹೇಳ್ತೀಯ. ಇಂಗ್ಲಿಷ್ನಾಗೆ ಅಂದ್ರೆ ಅದೆಂಥ ಬೈಗುಳ? ಓದ್ದೋರ ಮಾತು ಅದು." ಪಕ್ಕದವರೊಬ್ಬರು "ಸರ್ದುಕುಪೋವಾಲಮ್ಮಾ" ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದರು. ಹೊಂದಿಕೊಂಡು ಹೋಗಬೇಕಂತೆ.

ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಬಿಟ್ಟು ಬೂಟಿನಲ್ಲಿ ಹೊಡೆದರೆ ಅದು ಹೊಡೆತವಲ್ಲವೇ? ನಮ್ಮ ಬಾಯಿಯ ಒಂದಕ್ಷರ ಮಹಾಪರಾಧ, ಅವನು ದಿನಾ ಉಗಿದದ್ದು ಓದಿದವರ ಮಾತು. ನಮ್ಮಮ್ಮನೋ, ಪಂಚಾಯಿತಿ ಮುಗಿಯುವ ಮೊದಲೇ ತಂಗಿಯ ಬ್ಯಾಗನ್ನು ಅವರ ಕಾರಿನಲ್ಲಿ ಇಟ್ಟು ಬಂದಿದ್ದಳು.

"ತಪ್ಪಾಯ್ತು ಅಂದ್ಬುಟ್ಟು ಹೊರಡು ಕಣಮ್ಮ, ಹೊತ್ತಾಯ್ತದೆ" ಎಂದರು ದೊಡ್ಡಪ್ಪ.

ತಂಗಿ ಎದ್ದು ಹೋಗಿ ಗಂಡನ ಮುಂದೆ ನಿಂತಳು. ಸೆರಗು ಸರಿಮಾಡಿಕೊಂಡಳು. ಅವನು ಮಾತಾಡುತ್ತಿದ್ದಷ್ಟೇ ಮೆತ್ತಗೆ, "ಯು ಡಿಸ್ಗಸ್ಟ್ ಮಿ. ಐ ಲೋದ್ ಯುವರ್ ಫೇಸ್. ಯು ಆರ್ ರಿಪಲ್ಸಿವ್" ಅಂದು ಕೈಮುಗಿದಳು.

ಮುಗಿದ ಕೈ ಕಂಡು ದೊಡ್ಡಪ್ಪನ ಮುಖ ಅರಳಿತು. "ನೋಡಪ್ಪ, ಎಷ್ಟು ಮರ್ಯಾದೆಯಾಗಿ ತಪ್ಪಾಯ್ತು ಅಂತ ಕೇಳ್ಕೊಂಡ್ಲು, ಅದೂ ನಿನ್ನ ಇಂಗ್ಲಿಷ್ನಾಗೆ. ಇನ್ನೇನು, ಎಲೆ ಅಡಿಕೆ ತಗಳ್ರಪ್ಪ." ತಟ್ಟೆಗೆ ಕೈ ಚಾಚಿದರು.

ಅವನು ಚಾಪೆಯಿಂದ ಎದ್ದೇಬಿಟ್ಟ. "ಮಾವ, ತಗಬ್ಯಾಡಿ. ಇವ್ಳು ನನ್ನ ಬಯ್ತಾವ್ಳೆ."

"ಇಂಗ್ಲಿಷ್ನಾಗಲ್ವಾ ಅಂದಿದ್ದು? ಅಂಥದ್ದೇನಂದ್ಲು?"

"ನನ್ನ ಕಂಡ್ರೆ ಹೇಸಿಗೆ ಅಂತಾಳೆ. ನನ್ ಮುಖ ನೋಡಾಕೇ ಅಸಹ್ಯ ಅಂತಾಳೆ. ಥೂ ಅಂದಿದ್ದಕ್ಕಿಂತ ಕೆಟ್ಟದ್ದು ಮಾವ ಇದು."

ಹೇಳಿ ಮುಗಿಸಿದ ಮೇಲೆ ತಾನೇನು ಒಪ್ಪಿಕೊಂಡೆನೆಂದು ಅವನಿಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಅವನ ತಾಯಿ ನಿಧಾನವಾಗಿ ಅವನ ಕಡೆ ತಿರುಗಿದರು. "ಲೋ, ನೀನು ದಿನಾ ಉಣ್ಣಾಕೆ ಕೂತಾಗ ಅಂತಿದ್ದೆಯಲ್ಲ, ಆ ಡಿಸ್ಗಸ್ಟು, ಅದು ಇದೇ ಏನ್ಲಾ?" ದೊಡ್ಡಪ್ಪ ತಟ್ಟೆಯಿಂದ ಕೈ ಹಿಂದಕ್ಕೆ ತೆಗೆದರು. ನಮ್ಮಮ್ಮ ಎದ್ದು ಹೋಗಿ, ತಾನೇ ಇಟ್ಟು ಬಂದಿದ್ದ ಬ್ಯಾಗನ್ನು ಕಾರಿನಿಂದ ಇಳಿಸಿಕೊಂಡು ಬಂದಳು.

ತಂಗಿ ಮತ್ತೆ ಹಿಂದೂಪುರಕ್ಕೆ ಹೋಗಲಿಲ್ಲ. ಅದೇನೋ ಸರಿ. ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದೂ ಬರೀ ಅವನ ಮೇಲಲ್ಲ. ಅನುಭವಿಸಿದವಳು ಹೇಳಿದಳು, ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಥ ಗೊತ್ತಿದ್ದ ನಾನು ಹೇಳಿದೆ, ಸುಮ್ಮನಿರು ಅಂದರು. ಬೈದವನ ಬಾಯಿಂದಲೇ ಅರ್ಥ ಬಂದ ಮೇಲೆ ಎಲ್ಲರಿಗೂ ಅರ್ಥವಾಯಿತು.

ಹೊರಡುವಾಗ ದೊಡ್ಡಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ತಂಗಿಯ ತಲೆ ಸವರಿದರು. "ಇಷ್ಟೆಲ್ಲ ಇತ್ತು ಅಂತ ಮೊದ್ಲೇ ಬಾಯ್ಬಿಟ್ಟು ಹೇಳ್ಬಾರ್ದಾ ಕಣಮ್ಮ?" ಎಂದರು.

ನನ್ನ ಬಾಯಿಗೆ ಬಂದದ್ದು ತಂಗಿ ಗಂಡನಿಗೆ ಅಂದಿದ್ದ ಅದೇ ಒಂದಕ್ಷರ. ಹಿರಿಯರೆಂದು ನುಂಗಿಕೊಂಡೆ. ಇವತ್ತಿಗೂ ಅದು ಗಂಟಲಲ್ಲೇ ಇದೆ.