ಮಾರಾಟವಾದ ಹಾಸಿಗೆ

ಹಾಸಿಗೆ ಅಂಗಡಿಯಲ್ಲಿ ಗಟ್ಟಿಯಾಗಿ ಮಾತಾಡಬಾರದು. ಮಲಗಿ ನೋಡುತ್ತಿರುವ ಗಿರಾಕಿ ಬೆಚ್ಚಿ ಎದ್ದು ಕೂತನೆಂದರೆ ಅರ್ಧ ವ್ಯಾಪಾರ ಕೈಬಿಟ್ಟ ಹಾಗೆ. ಮೆತ್ತಕ್ಕನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೊದಲು ಹಿಂದಿನ ಕೋಣೆಯಲ್ಲಿ ಹತ್ತಿ ತುಂಬುತ್ತಿದ್ದವಳು. ಬಾಯಿ ದೊಡ್ಡದಾಗಿ ತೆರೆದರೆ ಹತ್ತಿಯೆಳೆ ಗಂಟಲಿಗೆ ಹೋಗುತ್ತದೆಂದು ಅಲ್ಲಿಯೇ ಮೆಲುದನಿ ಅಭ್ಯಾಸವಾಗಿತ್ತು. ಮೆತ್ತಕ್ಕ ಎಂಬುದು ಮೂಟೆ ಹೊರುವವರು ಇಟ್ಟ ಹೆಸರು. ಮಾಲೀಕರು ಅವಳನ್ನು ಅಂಗಡಿಯ ಮುಂಭಾಗಕ್ಕೆ ತಂದು ನಿಲ್ಲಿಸಿದಾಗ ಹಿಗ್ಗಿಹೋದಳು. ಮನೆಯಲ್ಲಿ ಅತ್ತೆ ಮಾತ್ರ, "ಊರಿಗೆಲ್ಲ ಹಾಸಿಗೆ ಮಾರ್ತೀಯ, ನನ್ನ ಬೆನ್ನಿಗೆ ಇನ್ನೂ ಚಾಪೇನೇ" ಎಂದು ಕುಟುಕುತ್ತಿದ್ದರು. ಆದರೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಅದೊಂದೇ ಕೆಲಸದಿಂದ. ಅದು ಅತ್ತೆಗೂ ಚೆನ್ನಾಗಿ ಗೊತ್ತಿತ್ತು.

ಊಟದ ಹೊತ್ತು ಕಳೆದ ಮೇಲೆ ಆ ಅಂಗಡಿ ಬೇರೆಯೇ ಲೋಕ. ಬೀದಿಯ ಗದ್ದಲ ಬಾಗಿಲು ದಾಟಿ ಬಂದು, ಹಾಸಿಗೆಗಳ ರಾಶಿಗೆ ತಾಗಿ ಅಲ್ಲೇ ಇಂಗಿಹೋಗುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಏರುವುದೋ ಇಳಿಯುವುದೋ ಎಂದು ತೀರ್ಮಾನಿಸದೆ ತೇಲುತ್ತಿದ್ದವು. ಫ್ಯಾನು ಕೂಡ ತೂಕಡಿಸುತ್ತಲೇ ತಿರುಗುತ್ತಿತ್ತು. ಆ ಹೊತ್ತಿನಲ್ಲಿ ನಿಂತೇ ಕನಸು ಕಾಣದೆ ಇರಲು ಸಂಬಳ ಬೇಕು. ಮೆತ್ತಕ್ಕನಿಗೆ ಸಂಬಳ ಸಿಗುತ್ತಿದ್ದದ್ದು ಅದಕ್ಕೇ.

ಎದುರಿನ ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸಿಗೆ ಬೆಳಕು ಹರಿಯುವ ಮುಂಚೆ ಒಂದು ಪಾಳಿ, ಸಂಜೆ ಇನ್ನೊಂದು. ನಡುವೆ ಮನೆಗೆ ಹೋಗಿ ಬರೋಣವೆಂದರೆ ಬಸ್ಸೇ ಆ ಹೊತ್ತನ್ನೆಲ್ಲ ತಿಂದುಹಾಕುತ್ತಿತ್ತು. ಹಾಸಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಗೋಡೆಗೆ ತಲೆ ಬಡಿಸಿಕೊಳ್ಳುತ್ತ ತೂಕಡಿಸುತ್ತಿದ್ದಳು. ನೋಡಿ ನೋಡಿ ಮೆತ್ತಕ್ಕನಿಗೆ ತಡೆಯಲಾಗಲಿಲ್ಲ.

"ಬಾರೇ ಒಳಗೆ. ಮಲಗಿ ನೋಡು."

"ಅಯ್ಯೋ, ನಾನು ಕೊಳ್ಳೋಳಲ್ಲ ಅಕ್ಕಾ."

"ಕೊಳ್ಳೋಕೆ ಯಾರು ಹೇಳಿದ್ರು? ನೋಡೋಕೆ ಹೇಳಿದೆ. ಬಂದವರೆಲ್ಲ ಮಲಗಿ ನೋಡಿ ಮೂಗು ಮುರೀತಾರೆ. ನೀನೂ ಮುರಿ."

ಮೂಗು ಮುರಿಯುವಷ್ಟು ಹೊತ್ತೂ ಅವಳಿಗೆ ಎಚ್ಚರವಿರಲಿಲ್ಲ. ತಲೆ ತಾಗಿದ್ದೇ ತಡ, ನೀರಿಗೆ ಇಳಿಬಿಟ್ಟ ಕಲ್ಲಿನ ಹಾಗೆ ಮುಳುಗಿಹೋದಳು. ಅಂದಿನಿಂದ ಅದೇ ರೂಢಿಯಾಯಿತು. ದಿಂಬುಗಳ ರಾಶಿಯ ಮರೆಗಿದ್ದ ಮೂಲೆಯ ಹಾಸಿಗೆ ಅವಳದು. ಎದ್ದು ಹೋದ ಮೇಲೆ ಮೊಣಕೈ ಊರಿದಲ್ಲಿ ಹಿಟ್ಟಿನ ಗುರುತು ಉಳಿಯುತ್ತಿತ್ತು. ಮೆತ್ತಕ್ಕ ಅದನ್ನು ಕೊಡವಿ, ಒಂದೇ ಕಡೆ ತಗ್ಗು ಬೀಳದಿರಲೆಂದು ಹಾಸಿಗೆಯ ತಲೆ ಕಾಲು ತಿರುಗಿಸಿಡುತ್ತಿದ್ದಳು.

ಮಾಲೀಕರು ಆ ಹೊತ್ತಿಗೆ ಗೋದಾಮಿನಲ್ಲಿರುತ್ತಿದ್ದರು. ಕೆಟ್ಟವರೇನಲ್ಲ, ವ್ಯಾಪಾರಸ್ಥರು, ಅಷ್ಟೇ. ಹಿಂದೊಮ್ಮೆ ಬಿಸಿಲಿಗೆ ದಣಿದ ಮುದುಕನೊಬ್ಬ ಅಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾಗ ಅವನನ್ನು ಎಬ್ಬಿಸಿ ಕಳಿಸಿ, ಮೆತ್ತಕ್ಕನಿಗೂ ಬಿಸಿ ಮುಟ್ಟಿಸಿದ್ದರು. "ಇದು ಅಂಗಡಿ ಅಮ್ಮಾ, ಛತ್ರ ಅಲ್ಲ. ಇನ್ನೊಂದು ಸಲ ಇಲ್ಲಿ ಯಾರಾದ್ರೂ ಪುಕ್ಕಟೆ ನಿದ್ದೆ ಹೊಡೆದ್ರೆ, ಅವರ ಹಿಂದೇನೇ ನೀನೂ ಹೊರಡು."

ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಆದರೂ ತಲೆ ಗೋಡೆಗೆ ಬಡಿಯುವ ಸದ್ದು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು.

ಗಿರಾಕಿಗಳು ಮೂಲೆಯ ಕಡೆ ಸುಳಿಯದ ಹಾಗೆ ಅವಳು ಒಂದು ಉಪಾಯ ಮಾಡಿದ್ದಳು. ಕೊಂಡವರ ಮನೆಗೆ ಗಾಡಿ ಹೋಗುವವರೆಗೆ ಹಾಸಿಗೆಗೆ 'ಮಾರಾಟವಾಗಿದೆ' ಎಂಬ ರಟ್ಟು ತೂಗುಹಾಕುವುದು ಆ ಅಂಗಡಿಯ ಪದ್ಧತಿ. ಮಾರಾಟವಾದ ಮಾಲನ್ನು ಜನ ದೂರದಿಂದ ಆಸೆಪಟ್ಟು ನೋಡುತ್ತಾರೆಯೇ ಹೊರತು ಹತ್ತಿರ ಹೋಗುವುದಿಲ್ಲ. ಆ ರಟ್ಟನ್ನೇ ತಂದು ಮೂಲೆಯ ಮಂಚದ ಕಾಲ್ದೆಸೆಗೆ ತೂಗುಹಾಕಿದಳು. ಉಪಾಯ ಬಲು ಚೆನ್ನಾಗಿತ್ತು. ಮಾಲೀಕರಿಗೂ ಓದಲು ಬರುತ್ತದೆ ಎಂಬುದೊಂದು ಮರೆತುಹೋಗಿತ್ತು.

ಅವತ್ತು ಮಾಲೀಕರು ಬೇಗನೆ, ಹೊರುವವರ ಸಮೇತ ಗಾಡಿಯಲ್ಲೇ ಬಂದಿಳಿದರು. ದಿಂಬಿನ ರಾಶಿಯಾಚೆ ಇಣುಕುತ್ತಿದ್ದ ರಟ್ಟು ಕಂಡದ್ದೇ ಮುಖ ಅರಳಿತು.

"ಏನಮ್ಮಾ, ಮೂಲೇದು ಹೋಯ್ತಾ? ಭೇಷ್! ಗಾಡಿ ಖಾಲಿ ಇದೆ, ಈಗ್ಲೇ ಹೊರಿಸಿಬಿಡೋಣ."

ಮೆತ್ತಕ್ಕ ಮೂಲೆಗೆ ಅಡ್ಡ ಬಂದು ನಿಂತಳು. "ಇವತ್ತು ಬೇಡ ಯಜಮಾನ್ರೇ."

"ಯಾಕೆ ಬೇಡ?"

ಸುಳ್ಳು ಹುಡುಕಿದಳು. ಸಿಕ್ಕಿದ್ದು ಅರ್ಧವೇ. "ಕೊಂಡವರು... ಅದರ ಮೇಲೇ ಮಲಗಿದಾರೆ."

ಕೊಂಡವರು ಎಂದ ಕೂಡಲೇ ಮಾಲೀಕರ ದನಿ ತಾನಾಗಿ ತಗ್ಗಿತು. ತುದಿಗಾಲಲ್ಲಿ ಹೋಗಿ ದಿಂಬುಗಳಾಚೆ ಬಗ್ಗಿ ನೋಡಿದರು.

ಬಿಸಿಲ ಕೋಲೊಂದು ಆ ಹೆಂಗಸಿನ ಕೆನ್ನೆಯವರೆಗೆ ಬಂದಿತ್ತು. ಕೂದಲಂಚಿಗೆ ಹಿಟ್ಟು, ಮೊಣಕೈಗೆ ಹಿಟ್ಟು. ಕೈಯೊಂದು ನಿದ್ದೆಯಲ್ಲೂ ಹಾಸಿಗೆಯನ್ನು ಮೆಲ್ಲಗೆ ಒತ್ತುತ್ತ, ಬಿಡುತ್ತ, ಮತ್ತೆ ಒತ್ತುತ್ತ, ಎಲ್ಲೋ ಕನಸಿನೊಳಗೆ ನಾದುತ್ತಿತ್ತು. ಆ ಕೈ ನಾದಿದ ಬ್ರೆಡ್ಡು ಮಾಲೀಕರ ಮನೆಗೆ ದಿನಾ ಬೆಳಗ್ಗೆ ಬಿಸಿಬಿಸಿಯಾಗಿ ಹೋಗುತ್ತಿತ್ತು. ಅವಳು ಹಾಸಿಗೆ ಕೊಳ್ಳುವವಳಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರು ಅಲ್ಲೇ ನಿಂತರು. ಮೆತ್ತಕ್ಕ ಅವರ ಬೆನ್ನನ್ನೇ ನೋಡುತ್ತಿದ್ದಳು. ಅತ್ತೆಯ ಚಾಪೆ ಕಣ್ಣ ಮುಂದೆ ಸುರುಳಿ ಸುತ್ತಿಕೊಂಡು ಹೋಯಿತು.

"ಎತ್ತೋದಾ ಸಾಹೇಬ್ರೇ?" ಎಂದು ಹೊರುವವನೊಬ್ಬ ಬಾಗಿಲಿಂದಲೇ ಕೂಗಿದ.

ನಾದುತ್ತಿದ್ದ ಕೈ ನಿಂತಿತು.

"ಶ್!" ಮಾಲೀಕರು ತುಟಿಗೆ ಬೆರಳಿಟ್ಟು ಅವನನ್ನು ಸುಡುವ ಹಾಗೆ ನೋಡಿದರು. ಕೈ ಮತ್ತೆ ಮೆಲ್ಲಗೆ ನಾದತೊಡಗಿತು.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. ಉಳಿದವನ್ನೆಲ್ಲ ಒತ್ತಿ ನೋಡಿದ ಹೆಂಡತಿಗೆ ಮೂಲೆಯದೇ ಬೇಕೆನಿಸಿತು.

"ಅದು ಹೋಗಿದೆಯಮ್ಮಾ," ಎಂದು ಮಾಲೀಕರು ಪಿಸುಗುಟ್ಟಿದರು. "ನೋಡಿ, ಕೊಂಡವರಿಗೆ ಮನೆ ಮುಟ್ಟೋವರೆಗೂ ತಡೆಯೋಕಾಗ್ಲಿಲ್ಲ. ಅದರ ಜೊತೆಗಾರ ಇಲ್ಲಿದೆ, ಬನ್ನಿ."

ಜೊತೆಗಾರ ಹಾಸಿಗೆ ಗಾಡಿ ಹತ್ತಿ ಹೋಯಿತು. ಅಂಗಡಿ ಮತ್ತೆ ಹತ್ತಿಯೊಳಗೆ ಮುಳುಗಿತು. ಮೆತ್ತಕ್ಕ ಕೈ ಹಿಸುಕಿಕೊಳ್ಳುತ್ತ ಹತ್ತಿರ ಬಂದಳು.

"ಯಜಮಾನ್ರೇ, ನಾನು ಹೊರಡ್ಲಾ?"

"ಎಲ್ಲಿಗೆ?" ಮಾಲೀಕರು ಅವಳ ಕಡೆ ತಿರುಗಲಿಲ್ಲ. "ಕೆಲಸ ನೋಡು ಮೊದಲು. ಆ ಪರದೆ ಎಳಿ. ಬಿಸಿಲಿಗೆ ಹಾಸಿನ ಬಣ್ಣ ಹೋಗುತ್ತೆ."

ಹಾಸು ಅಚ್ಚ ಬಿಳಿ. ಮೆತ್ತಕ್ಕ ಹೋಗಿ, ಉಂಗುರಗಳು ಸದ್ದು ಮಾಡದ ಹಾಗೆ ಪರದೆ ಎಳೆದಳು.