ಹಾರಿಸಿದವರಿಗೆ ತಿಳಿಸಾರು

ನಿನ್ನೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಗಡಿನ ಅವರೆಕಾಯಿಯ ರಾಶಿ ಕಂಡಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೊಂದು ನೆನಪಾಗಿ ಎರಡು ಕಿಲೋ ತೂಗಿಸಿಕೊಂಡೆ.

ನಾನು ಚಿಕ್ಕವಳಿದ್ದಾಗ, ಚಳಿಗಾಲದ ಸಂಜೆ ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಮಕ್ಕಳೆಲ್ಲ ಬೇಸಿನ್ ಸುತ್ತ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ಒತ್ತಿದರೆ ಸಿಪ್ಪೆ ಬೆರಳಲ್ಲಿ, ನುಣ್ಣನೆಯ ಬೇಳೆ ಪಾತ್ರೆಯಲ್ಲಿ. ನಮಗದು ಕೆಲಸವಲ್ಲ, ಆಟ. ಆ ಆಟಕ್ಕೆ ಅಂಪೈರ್ ನಮ್ಮ ದೊಡ್ಡಮ್ಮ. ಸ್ವೆಟರ್ ಮೇಲೆ ಶಾಲು ಹೊದ್ದು, ಸೋಫಾದಿಂದಲೇ ಕಾನೂನು ಹೇಳುತ್ತಿದ್ದರು: "ನೆಲಕ್ಕೆ ಹಾರ್ಸಿದೋರ್ಗೆ ಬರೀ ತಿಳಿಸಾರು!"

ಅವರ ಮಗ ಸುರೇಶ ಬೇಕೆಂದೇ ಗುರಿಯಿಟ್ಟು ಬೇಳೆಯನ್ನು ನನ್ನ ಕಾಲ ಬಳಿಗೆ ಚಿಮ್ಮಿಸುತ್ತಿದ್ದ.

"ನಂದಲ್ಲ ದೊಡ್ಡಮ್ಮ, ಸುರೇಶಂದು!"

"ನಿನ್ ಮುಂದೆ ಬಿದ್ದಿದೆ ಅಂದ್ಮೇಲೆ ನಿಂದೇ ಕಣೇ."

ಊಟಕ್ಕೆ ಅವನ ಮುದ್ದೆಯ ಪಕ್ಕ ಸೌಟಿನ ತುಂಬ ಬೇಳೆ, ನನಗೆ ಮೇಲಿನ ತಿಳಿ. ಅಮ್ಮ ತಲೆ ತಗ್ಗಿಸಿ ಬಡಿಸುತ್ತಿದ್ದಳು. ವಾರಗಿತ್ತಿಯ ಮಾತು ಮೀರುವ ಧೈರ್ಯ ಅವಳಿಗಿರಲಿಲ್ಲ.

ಆ ಕಾಯಿ ತಂದು, ಸುಲಿದು ನೆನೆಸಿ, ಇವತ್ತು ದೊಡ್ಡಮ್ಮನನ್ನು ನಾನೇ ಊಟಕ್ಕೆ ಕರೆದೆ. ನನ್ನ ಅಮ್ಮ, ಮಕ್ಕಳ ಜೊತೆ ಅವರೂ ಹಿತಕಲು ಕೂತರು. ಸ್ವಲ್ಪ ಹೊತ್ತಿಗೇ ಒಂದು ಬೇಳೆ ಅವರ ಕೈಯಿಂದ ಜಾರಿ ಟಿವಿ ಕೆಳಗೆ ಹಾರಿತು. ನಾನು ಕಾಯುತ್ತಿದ್ದದ್ದೇ ಅದಕ್ಕೆ.

ಊಟಕ್ಕೆ ಅವರ ಮುದ್ದೆಯ ಸುತ್ತ ಬರೀ ತಿಳಿ ಬಿಟ್ಟೆ.

"ಇದೇನೇ, ಬೇಳೆನೇ ಇಲ್ವಲ್ಲ?"

"ನೆಲಕ್ಕೆ ಹಾರ್ಸಿದ್ರಲ್ಲ ದೊಡ್ಡಮ್ಮ!"

ತಳದ ಬೇಳೆಯನ್ನೆಲ್ಲ ಕೆದಕಿ, ಪಕ್ಕದಲ್ಲೇ ಕೂತಿದ್ದ ಅಮ್ಮನ ತಟ್ಟೆಗೆ ಸುರಿದೆ. ಅಮ್ಮ ವಾರಗಿತ್ತಿಯನ್ನೇ ನೋಡುತ್ತ ಅಂದಳು: "ಇನ್ನೊಂದ್ ಸೌಟ್ ಹಾಕೇ."