ಅತ್ತೆಯ ಬಸವನಪಾದ

ನಮ್ಮ ಕಡೆ ಅಂಗಳದ ಗಿಡ ಸವರಿಸುವುದೆಂದರೆ ಆಡು ಸಾಕಿದವನನ್ನು ಕರೆಯುವುದು. ಕೂಲಿ ಇಲ್ಲ. ಸೊಪ್ಪು ಅವನ ಆಡಿಗೆ, ಕಟ್ಟಿಗೆ ನಮ್ಮ ನೀರೊಲೆಗೆ. ಬಿಟ್ಟಿ ಕೆಲಸವಾಯಿತೆಂದು ನಾವು ಹಿಗ್ಗುತ್ತೇವೆ. ಅವನು ಕಡಿಯುವುದು ಆಡಿಗೆ ಬೇಕಾದಷ್ಟನ್ನು, ಗಿಡಕ್ಕೆ ಬೇಕಾದಷ್ಟನ್ನಲ್ಲ. ಇದು ನನ್ನ ತಲೆಗೆ ಹೊಳೆದದ್ದು ತಡವಾಗಿ.

ಅಫಜಲಪುರದ ನಮ್ಮ ಮನೆಯ ಮುಂದೆ ಅತ್ತೆ ನೆಟ್ಟ ಬಸವನಪಾದದ ಗಿಡವಿದೆ. ಎಲೆ ಎತ್ತಿನ ಗೊರಸಿನಂತೆ ಎರಡು ಸೀಳು. ದೀಪಾವಳಿಯ ಹೊತ್ತಿಗೆ ಮೈತುಂಬ ನೇರಳೆ ಹೂ. ಮಧ್ಯಾಹ್ನವೆಲ್ಲ ಅತ್ತೆಯ ಕುರ್ಚಿ ಅದರ ಕೆಳಗೇ ಇರುತ್ತಿತ್ತು. ನಾಲ್ಕು ವರ್ಷದ ಹಿಂದೆ, ಶಿವರಾತ್ರಿ ಮುಗಿದ ವಾರ, ಅವರು ಘತ್ತರಗಿಗೆ ದೇವಿಯ ದರ್ಶನಕ್ಕೆ ಹೋಗಿದ್ದರು. ಉದುರಿದ ಎಲೆ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಆಡಿನವನು ಗೇಟಿನಲ್ಲಿ ನಿಂತು, "ಗಿಡದ ತಲಿ ಹೊಡೀಲೇನ್ರಿ ಅಕ್ಕಾರ?" ಎಂದ. "ಹೊಡಿಯಪ್ಪಾ, ಪೂರಾ ಹೊಡಿ" ಎಂದೆ. ನಾನೇ ಎಂದೆ, ಬೇರೆ ಯಾರೂ ಅಲ್ಲ.

ಸಂಜೆ ಅತ್ತೆ ಬಸ್ಸಿಳಿದು ಬಂದಾಗ ಅಂಗಳದಲ್ಲಿ ಬೋಳು ಕಂಬವೊಂದು ನಿಂತಿತ್ತು. "ಬ್ಯಾಸಗಿ ಬಾಗಿಲಿಗೆ ಬಂದದ, ಈಗ ನೆರಳು ಕಡಿಸಿದ್ಯಲ್ಲ ಬೇ!" ಅಂದರು, ಅಷ್ಟೇ. ಕುರ್ಚಿಯನ್ನು ಪಡಸಾಲೆಗೆ ಒಯ್ದರು. ಆ ಬೇಸಿಗೆಯಲ್ಲಿ ಪಡುವಣ ಬಿಸಿಲು ನೇರ ಬಡಿದು ಕಾಂಡದ ತೊಗಟೆ ಸುಟ್ಟು ಸೀಳಿತು. ಅತ್ತೆ ದಿನಾ ಅದಕ್ಕೆ ಹಸಿ ಗೋಣಿ ಸುತ್ತುತ್ತಿದ್ದರು, ನನ್ನನ್ನು ಕರೆಯಲಿಲ್ಲ. ಗಿಡವೇನೋ ಉಳಿಯಿತು. ಕಡಿದಲ್ಲೆಲ್ಲ ಕಸಬರಿಗೆಯಂತೆ ಹತ್ತಾರು ಸಣಕಲು ಕೊಂಬೆ ಎದ್ದವು. ನೆರಳು ಮರಳಿ ಬಂದರೂ ಅತ್ತೆ ಅದರ ಕೆಳಗೆ ಕೂಡಲಿಲ್ಲ. ನನಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಬೈದಿದ್ದರೆ ಎದುರು ಮಾತಾಡಿಯಾದರೂ ಹಗುರಾಗುತ್ತಿದ್ದೆ.

ಹೋದ ಬೇಸಿಗೆಯ ಕೊನೆಗೆ ಒಂದು ಕೊಂಬೆ ಕರೆಂಟ್ ತಂತಿಯತ್ತ ಚಾಚಿತು. ಲೈನ್‌ಮನ್ ಬಂದು, "ಮಳಿಗಾಲದಾಗ ತಂತಿಗಿ ಹತ್ತಿದ್ರ ನಾವ ಬುಡಕ್ಕ ಕಡೀತೇವ್ರಿ" ಎಂದ. "ಒಂದು ತಾಸು ಕರೆಂಟ್ ತಗೀರಿ. ಉಳಿದದ್ದು ನಾ ಮಾಡ್ತೇನಿ" ಎಂದೆ. ಅವನು ನಕ್ಕ. ನಗಲಿ! ಈ ಸಲ ಗಿಡವನ್ನು ಯಾರ ಕೈಗೂ ಕೊಡುವುದಿಲ್ಲವೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ.

ಹವಳಗಾ ದಾರಿಯ ನರ್ಸರಿಗೆ ನಾಲ್ಕು ಸಲ ಅಲೆದು ಅಲ್ಲಿಯ ಮಾಲಿಯನ್ನು ಕೇಳಿ ಕೇಳಿ ಸಾಕುಮಾಡಿದೆ. ತಲೆ ಕಡಿಯಬಾರದು, ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಬಿಸಿಲು ತಣಿಯುವ ತನಕ ತಡೆಯಬೇಕು ಎಂದ. ಮೊದಲ ಮಳೆಗಳು ಬಿದ್ದು, ಮೋಡ ಸರಿದು ಹೊಳವಾದ ಒಂದು ಬೆಳಿಗ್ಗೆ, ಕರೆಂಟ್ ತೆಗೆಸಿ, ಏಣಿ ಹಚ್ಚಿದೆ. ಉಳಿಯಬೇಕಾದ ಗಟ್ಟಿ ಕೊಂಬೆಗಳಿಗೆ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯಿಂದ ಗೆರೆ ಎಳೆದೆ. ವಿಭೂತಿ ಹಚ್ಚಿದ್ದರ ಮೇಲೆ ನಮ್ಮ ಮನೆಯಲ್ಲಿ ಯಾರೂ ಕೈ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ತಂತಿಯ ಕಡೆಯ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ತುಸು ಆಚೆಗೆ ಮೇಲಿನಿಂದ ಕೊಯ್ದೆ. ತೊಗಟೆ ಸಿಗಿಯದೆ ಬಿತ್ತು. ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಕೂಡುವಲ್ಲಿನ ಉಬ್ಬಿಗೆ ಗರಗಸ ತಾಗದಂತೆ, ಅದರ ಅಂಚಿಗೇ ತೆಗೆದೆ.

ಆಡಿನವನು ಕೊಡಲಿ ಹಿಡಿದು ಬಂದೇಬಿಟ್ಟಿದ್ದ. "ಜರಾ ಹೆಚ್ಚು ಕಡೀರಿ ಅಕ್ಕಾರ, ಇಷ್ಟು ಸೊಪ್ಪು ಯಾವ ಆಡಿಗಿ ಸಾಲ್ತದ?"

"ಕೊಡ್ಲಿ ಹೊರಗಿಡು. ಬಿದ್ದದ್ದು ನಿಂದು, ನಿಂತದ್ದು ನಂದು" ಎಂದೆ.

ಅಷ್ಟರಲ್ಲಿ ಅತ್ತೆ ಗಿಡದ ಗಾಯಕ್ಕೆ ಮೆತ್ತಲು ಬುಟ್ಟಿಯಲ್ಲಿ ಸಗಣಿ ತಂದರು. "ಬ್ಯಾಡ್ರಿ ಅತ್ತಿ, ಗಾಳಿ ಆಡ್ಲಿ. ತಾನ ಮುಚ್ಕೋತದ" ಎಂದೆ. ಅವರು ಕೊಯ್ದ ಜಾಗವನ್ನೂ ನನ್ನನ್ನೂ ನೋಡಿ, ಬುಟ್ಟಿ ವಾಪಸ್ ಒಯ್ದರು.

ಈ ಬೇಸಿಗೆಗೆ ಆ ಗಾಯದ ಸುತ್ತ ಹೊಸ ತೊಗಟೆ ಬಳೆಯಂತೆ ಕಟ್ಟಿದೆ. ಮೊನ್ನೆ ಮಧ್ಯಾಹ್ನ ಅತ್ತೆ ತಾವೇ ಕುರ್ಚಿ ಎಳೆದುಕೊಂಡು ಬಂದು ಗಿಡದ ಕೆಳಗೆ ಕೂತರು. ನಾನು ಬಾಜೂ ನೆಲದ ಮೇಲೆ ಕೂತೆ. ಅವರು ಪಡುವಣ ಬದಿಯ ಹಳೆಯ ಸೀಳಿನ ಮೇಲೆ ಕೈಯಾಡಿಸಿದರು.

"ಇದು ಮುಚ್ಚಂಗಿಲ್ಲೇನು?"

"ಇಲ್ರಿ ಅತ್ತಿ. ಇದು ಹಿಂಗ ಇರ್ತದ."

ಅತ್ತೆ ಸೀಳಿನಿಂದ ಕೈ ತೆಗೆದರು.

"ಇರ್ಲಿ ಬಿಡು. ಈಕಡಿ ಸರ್ಕೊ ಬೇ, ನಿನ್ನ ಮ್ಯಾಲ ಬಿಸ್ಲು ಬೀಳಾಕತ್ತದ."